ಬೆರಳಿಡದ ತಂತಿಗೂ ಒಂದು ಪಾಲು

1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆರು ತಿಂಗಳ ಅಂತರದಲ್ಲಿ ಎರಡು ಕೃತಿಗಳು ಮೊದಲ ಬಾರಿಗೆ ಕೇಳಿಬಂದವು. ಮೇ 22ರಂದು ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನುಡಿಸಿದ್ದು ಫಿಲ್‌ಹಾರ್ಮೋನಿಯಾ ವಾದ್ಯವೃಂದ, ಮುಂದೆ ನಿಂತು ನಡೆಸಿಕೊಟ್ಟವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಖಾತರಿ ಕೊಟ್ಟಿದ್ದು ಮೈಸೂರಿನ ಜಯಚಾಮರಾಜ ಒಡೆಯರ್ ಎಂಬುದನ್ನು ನಾವು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನವೆಂಬರ್ 18ರಂದು ಅದೇ ಸಭಾಂಗಣದಲ್ಲಿ ನಡೆದದ್ದನ್ನು ಮಾತ್ರ ನೆನೆಯುವವರು ಕಡಿಮೆ. ಅಂದು ಸರ್ ಏಡ್ರಿಯನ್ ಬೋಲ್ಟ್ ಅವರ ಮುಂದೆ ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್‌ಗಳನ್ನು ಹಿಡಿದು ಕುಳಿತವರು ಸುಮಾರು 400 ಮಂದಿ. ಅವರು ಇಂಗ್ಲೆಂಡಿನ ಗ್ರಾಮೀಣ ಸಂಗೀತ ಶಾಲೆಗಳಲ್ಲಿ ಕಲಿತ ಹವ್ಯಾಸಿಗಳು, ಸಂಗೀತದಿಂದ ಹೊಟ್ಟೆ ಹೊರೆಯದವರು. ಅವರಿಗೆಂದೇ ಒಂದು ‘ಕಂಚೆರ್ಟೊ ಗ್ರೊಸ್ಸೊ’ ಬರೆದುಕೊಟ್ಟವರು ರಾಲ್ಫ್ ವಾನ್ ವಿಲಿಯಮ್ಸ್. ಅಷ್ಟು ಹೊತ್ತಿಗೆ ಆರು ಸಿಂಫನಿಗಳನ್ನು ಬರೆದು ಮುಗಿಸಿದ್ದ, 78 ವರ್ಷದ, ದೇಶದ ಅಗ್ರಗಣ್ಯ ಸಂಗೀತಕಾರ.

ಆ ಕೃತಿಯ ಕಟ್ಟಡವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ವಾನ್ ವಿಲಿಯಮ್ಸ್ ವಾದಕರನ್ನು ಮೂರು ಗುಂಪು ಮಾಡಿದರು. ಮೊದಲನೆಯದು ನುರಿತವರ ಚಿಕ್ಕ ಗುಂಪು. ಎರಡನೆಯದು ದೊಡ್ಡ ಗುಂಪು: ಎಡಗೈಯನ್ನು ವಾದ್ಯದ ಕತ್ತಿನ ಮೇಲೆ ಮೂರನೆಯ ಸ್ಥಾನದವರೆಗೆ ಸರಿಸಬಲ್ಲವರು, ಎರಡು ತಂತಿಗಳನ್ನು ಒಟ್ಟಿಗೆ ಸರಳವಾಗಿ ನುಡಿಸಬಲ್ಲವರು. ಮೂರನೆಯದು ಅಷ್ಟೂ ಬಾರದವರ ಗುಂಪು. ಅದರಲ್ಲಿ ತಂತಿಯ ಮೇಲೆ ಎಡಗೈ ಬೆರಳನ್ನೇ ಇಡದೆ ಬರೀ ಕಮಾನು ಎಳೆಯುವವರಿಗೂ ಸ್ವರಗಳನ್ನು ಬರೆದುಕೊಟ್ಟರು. ಇದು ಕನಿಕರದಿಂದ ಕೊಟ್ಟ ಜಾಗವಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಪಿಟೀಲಿನ ನಾಲ್ಕು ತಂತಿಗಳೂ ಒಂದಕ್ಕೊಂದು ಪಂಚಮದ ಅಂತರದಲ್ಲಿ ಶ್ರುತಿಯಾಗಿರುತ್ತವೆ. ಕೃತಿಯ ಎರಡನೆಯ ಭಾಗ ಆ ಬೆರಳಿಡದ ತಂತಿಗಳ ನಾದವನ್ನೇ ತಳಪಾಯ ಮಾಡಿಕೊಂಡಿದೆ. ಆ ತಂತಿಗಳನ್ನು ತೆಗೆದುಬಿಟ್ಟರೆ ನುರಿತವರ ನುಡಿತ ಉಳಿಯುತ್ತದೆ, ಅದರ ಕೆಳಗಿನ ನೆಲ ಹೋಗುತ್ತದೆ. ಹವ್ಯಾಸಿ ತಂತಿವಾದ್ಯ ವೃಂದವನ್ನು ಕುರಿತು ನಾನು ಹೇಳಬೇಕೆಂದಿರುವುದು ಇದನ್ನೇ. ಅದು ವೃತ್ತಿಪರ ವೃಂದದ ಕಳಪೆ ನಕಲಲ್ಲ. ಸಮಾನರಲ್ಲದವರು ಒಂದೇ ಕೆಲಸವನ್ನು ಒಟ್ಟಿಗೆ, ನಿಜವಾಗಿ ಮಾಡುವುದಕ್ಕೆ ಮನುಷ್ಯರು ಕಂಡುಕೊಂಡ ಏರ್ಪಾಡು ಅದು. ಅದರ ಗುಣವನ್ನು ಅಳೆಯಬೇಕಾದದ್ದು ಕೊನೆಯ ಸಾಲಿನವರಿಗೆ ಅದು ಎಂಥ ಕೆಲಸ ಕೊಟ್ಟಿದೆ ಎಂಬುದರಿಂದ.

ಈ ಏರ್ಪಾಡು ತಂತಿವಾದ್ಯಗಳಿಗೆ ವಿಶೇಷವಾಗಿ ಒಗ್ಗಿರುವುದಕ್ಕೆ ಭೌತಿಕವಾದ ಕಾರಣವೇ ಇದೆ. ಕೊಳಲು, ಓಬೊ, ಕಹಳೆಗಳಿಗೆ ಪಾಶ್ಚಾತ್ಯ ವೃಂದದಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರಿಗೆ ಒಂದೊಂದು ಸಾಲು. ತಪ್ಪಿದರೆ ತಪ್ಪಿದವರು ಯಾರೆಂದು ಇಡೀ ಸಭೆಗೆ ಗೊತ್ತಾಗುತ್ತದೆ. ತಂತಿವಾದ್ಯಗಳಲ್ಲಿ ಹಾಗಲ್ಲ. ಎಂಟು ಹತ್ತು ಪಿಟೀಲುಗಳು ಒಂದೇ ಸ್ವರ ಹಿಡಿದಾಗ ಯಾವ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುವುದಿಲ್ಲ. ಒಂದು ತುಸು ಮೇಲೆ, ಒಂದು ತುಸು ಕೆಳಗೆ, ಒಂದು ಕ್ಷಣ ಮೊದಲು, ಒಂದು ಕ್ಷಣ ತಡವಾಗಿ. ಎರಡೇ ಪಿಟೀಲುಗಳಿದ್ದರೆ ಈ ಅಂತರ ಕಿವಿಗೆ ಚುಚ್ಚುತ್ತದೆ. ಸಂಖ್ಯೆ ಹೆಚ್ಚಿದ ಹಾಗೆ ಅದೇ ಅಂತರವೇ ನಾದವನ್ನು ಅಗಲ ಮಾಡುತ್ತದೆ. ಜಗತ್ತಿನ ಅತ್ಯುತ್ತಮ ವೃಂದಗಳ ಆ ತುಂಬು ನಾದವೂ ಇಂಥ ಸಣ್ಣ ಅಸಮತೆಗಳಿಂದಲೇ ಹುಟ್ಟುವುದು. ಹವ್ಯಾಸಿಗಳಲ್ಲಿ ಅಸಮತೆ ದೊಡ್ಡದು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇಬ್ಬರ ನಡುವಿನ ಅಂತರ ಇಲ್ಲಿ ಹುಟ್ಟಿನಿಂದಲೇ ಅಪರಾಧವಲ್ಲ, ಅದೂ ಒಂದು ಸಾಮಗ್ರಿ.

ಕೂರುವ ರೀತಿಯಲ್ಲೂ ಈ ಹಂಚಿಕೆ ಕಾಣುತ್ತದೆ. ಇಬ್ಬರಿಗೆ ಒಂದು ಸ್ಟ್ಯಾಂಡ್, ಒಂದೇ ಸ್ವರಲಿಪಿ. ಸಭಿಕರ ಕಡೆ ಕೂತವರು ನುಡಿಸುತ್ತಲೇ ಇರುತ್ತಾರೆ, ಒಳಗಡೆ ಕೂತವರು ಒಂದೆರಡು ಸ್ವರ ಬಿಟ್ಟು ಹಾಳೆ ಮಗುಚುತ್ತಾರೆ. ಸಾಲು ಎರಡಾಗಿ ಒಡೆದರೆ ಹೊರಗಿನವರು ಮೇಲಿನದನ್ನು, ಒಳಗಿನವರು ಕೆಳಗಿನದನ್ನು ಹಿಡಿಯುತ್ತಾರೆ. ಕಮಾನು ಎಲ್ಲಿ ಕೆಳಕ್ಕೆ, ಎಲ್ಲಿ ಮೇಲಕ್ಕೆ ಎಂಬುದನ್ನು ಮುಂದಿನ ಸಾಲಿನ ಮುಖ್ಯ ಪಿಟೀಲುವಾದಕರು ನಿರ್ಧರಿಸಿದ ಮೇಲೆ ಹಿಂದಿನವರು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮೊದಲ ದಿನ ಬಂದ ಹೊಸಬರನ್ನು ಒಬ್ಬ ಅನುಭವಿಯ ಪಕ್ಕ, ಒಳಗಿನ ಕುರ್ಚಿಯಲ್ಲಿ ಕೂರಿಸುವುದು ಇಂಥ ವೃಂದಗಳಲ್ಲಿ ಚೆನ್ನಾಗಿ ಬಲ್ಲವರ ರೂಢಿ. ಎಲ್ಲ ಸ್ವರಗಳೂ ಸಿಗದಿದ್ದರೆ ಪ್ರತಿ ಆವರ್ತದ ಮೊದಲ ಸ್ವರವನ್ನಷ್ಟೇ ಹಿಡಿಯಿರಿ, ಕಮಾನು ಮಾತ್ರ ಎಲ್ಲರ ಜತೆ ಹೋಗಲಿ ಎಂದು ಹೇಳುತ್ತಾರೆ. ಕಲಿಕೆ ಅಲ್ಲಿ ಪಾಠದ ರೂಪದಲ್ಲಿ ನಡೆಯುವುದಿಲ್ಲ, ಪಕ್ಕದ ಕೈಯನ್ನು ನೋಡುತ್ತ ನಡೆಯುತ್ತದೆ.

ಹವ್ಯಾಸಿಗಳು ಸಂಗೀತದ ಇತಿಹಾಸದಲ್ಲಿ ಬರೀ ಕೇಳುಗರಾಗಿ, ಚಪ್ಪಾಳೆ ತಟ್ಟುವವರಾಗಿ ಮಾತ್ರ ಇದ್ದಾರೆ ಎಂಬ ಭಾವನೆ ಸಾಮಾನ್ಯ. ದಾಖಲೆ ಬೇರೆಯೇ ಹೇಳುತ್ತದೆ. ಇಂದು ಎಲ್ಲ ದೊಡ್ಡ ವೃಂದಗಳೂ ನುಡಿಸುವ ಎಲ್ಗಾರ್ ಅವರ ‘ತಂತಿವಾದ್ಯಗಳ ಸೆರೆನೇಡ್’ 1892ರಲ್ಲಿ ಮೊದಲು ಜೀವ ತಳೆದದ್ದು ವೂಸ್ಟರ್ ಎಂಬ ಊರಿನಲ್ಲಿ ಅವರೇ ನಡೆಸುತ್ತಿದ್ದ ಮಹಿಳೆಯರ ವಾದ್ಯತರಗತಿಯ ಕೈಯಲ್ಲಿ. ಗುಸ್ತಾವ್ ಹೋಲ್ಸ್ಟ್ ಅವರ ‘ಸೇಂಟ್ ಪಾಲ್ಸ್ ಸ್ವೀಟ್’ ಅವರು 1905ರಿಂದ ಕಲಿಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ವೃಂದಕ್ಕಾಗಿ ಬರೆದದ್ದು. ಋಗ್ವೇದದ ಸೂಕ್ತಗಳನ್ನು ತಾವೇ ಇಂಗ್ಲಿಷಿಗೆ ತಂದು ಸಂಗೀತಕ್ಕೆ ಅಳವಡಿಸಲೆಂದು ಸಂಸ್ಕೃತ ಕಲಿತ, ‘ಸಾವಿತ್ರಿ’ಯನ್ನು ಒಪೆರಾ ಮಾಡಿದ ಹೋಲ್ಸ್ಟ್ ಇವರೇ. ಇವರು ಸಂಜೆ ಹೊತ್ತು ಲಂಡನ್ನಿನ ಮಾರ್ಲಿ ಕಾಲೇಜಿನಲ್ಲಿ ದುಡಿಯುವ ಜನರಿಗೆ ಕಲಿಸುತ್ತಿದ್ದರು. ಪರ್ಸೆಲ್ ಅವರ ‘ಫೇರಿ ಕ್ವೀನ್’ 17ನೆಯ ಶತಮಾನದ ನಂತರ ಮತ್ತೆ ಕೇಳಿದ್ದು 1911ರಲ್ಲಿ, ಆ ಹವ್ಯಾಸಿಗಳಿಂದ. ಮುದ್ರಿತ ಪ್ರತಿಗಳು ಇರಲಿಲ್ಲವಾದ್ದರಿಂದ ಒಂದೊಂದು ವಾದ್ಯದ, ಒಂದೊಂದು ಕಂಠದ ಪಾಲನ್ನೂ ವಿದ್ಯಾರ್ಥಿಗಳೇ ಕೈಯಲ್ಲಿ ನಕಲು ಮಾಡಿಕೊಂಡರು. ದಿನವಿಡೀ ದುಡಿದು ಬಂದವರು ರಾತ್ರಿ ದೀಪದ ಕೆಳಗೆ ಮಾಡಿದ ಈ ಕೆಲಸವಿಲ್ಲದೆ ಪರ್ಸೆಲ್‌ನ ಒಂದು ಮುಖ್ಯ ಕೃತಿ ಇನ್ನಷ್ಟು ವರ್ಷ ಕಪಾಟಿನಲ್ಲೇ ಇರುತ್ತಿತ್ತು.

ಎಲ್ಲಕ್ಕಿಂತ ಬಲವಾದ ಸಾಕ್ಷಿ ಜೆರಾಲ್ಡ್ ಫಿಂಜಿ ಅವರದು. ಯುದ್ಧ ಬಿರುಸಾಗಿದ್ದ 1940ರ ಡಿಸೆಂಬರ್‌ನಲ್ಲಿ, ಬಾಂಬುಗಳ ನಡುವೆ ಲಂಡನ್ನಿನ ಸಂಗೀತ ಜೀವನ ಕುಂಟುತ್ತಿದ್ದಾಗ, ಅವರು ನ್ಯೂಬರಿ ಎಂಬ ಪೇಟೆಯ ಸುತ್ತಮುತ್ತ ಇದ್ದ ಹವ್ಯಾಸಿಗಳನ್ನು ಕೂಡಿಸಿ ‘ನ್ಯೂಬರಿ ಸ್ಟ್ರಿಂಗ್ ಪ್ಲೇಯರ್ಸ್’ ಕಟ್ಟಿದರು. ಫಿಂಜಿ ಒಳ್ಳೆಯ ಸಂಗೀತ ರಚನಕಾರರು, ಆದರೆ ವೃಂದ ನಡೆಸುವುದರಲ್ಲಿ ಪಳಗಿದವರಲ್ಲ. ಅವರೂ ಅಲ್ಲಿ ಕಲಿಯುತ್ತಲೇ ಕಲಿಸಿದವರು. ಹಳ್ಳಿಯ ಚರ್ಚು, ಶಾಲೆ, ಸಭಾಭವನ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಕಛೇರಿ. ನುಡಿಸಲು ಏನನ್ನು ಆರಿಸಬೇಕೆಂಬ ಪ್ರಶ್ನೆ ಬಂದಾಗ ಫಿಂಜಿ ಹುಡುಕುತ್ತ ಹೋದದ್ದು 18ನೆಯ ಶತಮಾನದ, ಎಲ್ಲರೂ ಮರೆತಿದ್ದ ಇಂಗ್ಲಿಷ್ ಸಂಗೀತಕಾರರನ್ನು: ವಿಲಿಯಂ ಬಾಯ್ಸ್, ಜಾನ್ ಸ್ಟ್ಯಾನ್ಲಿ, ಚಾರ್ಲ್ಸ್ ಏವಿಸನ್, ರಿಚರ್ಡ್ ಮಜ್. ಇವರ ರಚನೆಗಳು ತಂತಿವಾದ್ಯಗಳಿಗೆ ಬರೆದವು, ಕೈಗೆ ಎಟುಕುವಂಥವು, ಅಷ್ಟಕ್ಕೂ ಅವುಗಳಲ್ಲಿ ಎಷ್ಟೋ ಆ ಕಾಲದ ಹವ್ಯಾಸಿ ಸಂಗೀತಸಂಘಗಳ ನಡುವೆಯೇ ಬಾಳಿದ್ದವು. ಫಿಂಜಿ ಹಳೆಯ ಮುದ್ರಣಗಳನ್ನು ಹುಡುಕಿ ಕೊಂಡರು, ಹೋಲಿಸಿ ಸರಿಪಡಿಸಿದರು, ತಮ್ಮ ವೃಂದದ ಕೈಯಲ್ಲಿ ನುಡಿಸಿ ನೋಡಿದರು. ಆ ಸಂಗ್ರಹ ಈಗ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸ್ ವಿಶ್ವವಿದ್ಯಾಲಯದಲ್ಲಿದೆ. ಇಂದು ಯಾವುದೋ ಹೆಸರಾಂತ ವೃಂದ ಸ್ಟ್ಯಾನ್ಲಿಯ ಕಂಚೆರ್ಟೊವನ್ನು ನುಡಿಸುವಾಗ ಅದರ ಹಿಂದೆ ಹಳ್ಳಿಗಾಡಿನ ಹವ್ಯಾಸಿಗಳ ತಾಲೀಮು ಇದೆ ಎಂಬುದನ್ನು ನೆನೆಯುವುದು ನ್ಯಾಯ. ಇಲ್ಲೊಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಫಿಂಜಿ ಅವರನ್ನು ಹೊಸ ದಾರಿಗೆ ಹಚ್ಚಿದ್ದು ಹವ್ಯಾಸಿಗಳ ಮಿತಿಯೇ. ವೃತ್ತಿಪರರಿಗೆ ಚೈಕೊವ್‌ಸ್ಕಿ ಸಾಕಿತ್ತು, ಮರೆತ ಬಾಯ್ಸ್‌ನ ಅಗತ್ಯ ಅವರಿಗಿರಲಿಲ್ಲ. 

ಇಷ್ಟಾದರೂ ಮೊದಲ ಆಕ್ಷೇಪ ಹಾಗೇ ಉಳಿಯುತ್ತದೆ: ಕೇಳಲು ಚೆನ್ನಾಗಿರುತ್ತದೆಯೇ? ಬರ್ಲಿನ್ ಫಿಲ್‌ಹಾರ್ಮೋನಿಕ್ ಅಂಗೈಯ ಫೋನಿನಲ್ಲಿ ಸಿಗುವಾಗ ಅಪಸ್ವರದ ಬಾಯ್ಸ್‌ನನ್ನು ಯಾರು ಕೇಳಬೇಕು? ಈ ಆಕ್ಷೇಪಕ್ಕೆ ದೊಡ್ಡವರ ಬೆಂಬಲವೂ ಇದೆ. 1872ರಲ್ಲಿ ವಿಯೆನ್ನಾದ ಸಂಗೀತಪ್ರಿಯರ ಸಂಘದ ಕಛೇರಿಗಳ ಹೊಣೆ ಹೊತ್ತ ಬ್ರಾಮ್ಸ್, ಅದರ ವೃಂದದಲ್ಲಿದ್ದ ಹವ್ಯಾಸಿಗಳನ್ನು ಬಿಡಿಸಿ ವೃತ್ತಿಪರರನ್ನು ತಂದರು. ಅವರು ಮಾಡಿದ್ದು ತಪ್ಪೆಂದು ನಾನು ಹೇಳಲಾರೆ. ರಾಜಧಾನಿಯ ದೊಡ್ಡ ವೇದಿಕೆಯಲ್ಲಿ ಟಿಕೆಟ್ ಇಟ್ಟು ಬಾಕ್, ಬೇಥೋವನ್‌ರನ್ನು ಕೇಳಿಸುವವರಿಗೆ ಆ ಕಟ್ಟುನಿಟ್ಟು ಬೇಕು. ಆದರೆ ಬ್ರಾಮ್ಸ್ ಉತ್ತರಿಸಿದ್ದು ಕೇಳುಗರ ಪ್ರಶ್ನೆಗೆ. ನುಡಿಸುವವರಿಗೆ ಆಗುವುದೇನು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಧ್ವನಿಮುದ್ರಣದಲ್ಲಿ ಉತ್ತರವಿಲ್ಲ. ನಮ್ಮ ಇಂಗ್ಲಿಷ್ ವಿಭಾಗಗಳಲ್ಲಿ ‘ದಿ ರೆಟರಿಕ್ ಆಫ್ ಫಿಕ್ಷನ್’ ಓದಿದವರಿಗೆಲ್ಲ ಗೊತ್ತಿರುವ ವಿಮರ್ಶಕ ವೇಯ್ನ್ ಬೂತ್, ಮೂವತ್ತು ದಾಟಿದ ಮೇಲೆ ಚೆಲ್ಲೊ ಹಿಡಿದು ಜೀವಮಾನವಿಡೀ ಗೆಳೆಯರೊಡನೆ ನುಡಿಸಿದರು. 1999ರಲ್ಲಿ ಅದರ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಎಂದೂ ಉತ್ತಮ ವಾದಕನಾಗಲಾರೆ ಎಂದು ಗೊತ್ತಿದ್ದೂ ದುಡಿಯುವುದು ಏಕೆ ಅರ್ಥಪೂರ್ಣ ಎಂಬುದು ಆ ಪುಸ್ತಕದ ವಿಚಾರ. ಎರಡನೆಯ ಪಿಟೀಲಿನ ಸಾಲನ್ನು ಮೂರು ತಿಂಗಳು ತಿದ್ದಿದವರು ಅದೇ ಕೃತಿಯನ್ನು ಬರ್ಲಿನ್ನಿನವರಿಂದ ಕೇಳುವಾಗ ಮೇಲಿನ ರಾಗದ ಕೆಳಗೆ ನಡೆಯುವ ಕೆಲಸವೂ ಅವರ ಕಿವಿಗೆ ಬೀಳುತ್ತದೆ. ಆ ಬಗೆಯ ಕಿವಿ ಬೇರೆಲ್ಲೂ ತಯಾರಾಗುವುದಿಲ್ಲ. ಹಾಗೆಂದು ಹೇಗೆ ನುಡಿಸಿದರೂ ನಡೆಯುತ್ತದೆ ಎನ್ನುವ ಸಡಿಲತೆಯನ್ನು ನಾನು ಒಪ್ಪುವುದಿಲ್ಲ. ಶ್ರುತಿ ಸೇರಿಸದೆ ಆರಂಭಿಸುವ, ಕೈಗೆ ಮೀರಿದ ಕೃತಿಯನ್ನು ಪ್ರತಿಷ್ಠೆಗಾಗಿ ಎತ್ತಿಕೊಳ್ಳುವ ವೃಂದ ತನ್ನ ಸದಸ್ಯರಿಗೂ ಅನ್ಯಾಯ ಮಾಡುತ್ತದೆ. ವಾನ್ ವಿಲಿಯಮ್ಸ್ ಬೆರಳಿಡದ ತಂತಿಯ ಸ್ವರವನ್ನು ಬರೆದದ್ದು ಅದನ್ನು ಚೊಕ್ಕವಾಗಿ ನುಡಿಸಲು ಸಾಧ್ಯ ಎಂಬ ಕಾರಣಕ್ಕೆ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಪುಕ್ಕಟೆ ನುಡಿಸುವವರು ಇದ್ದರೆ ದುಡ್ಡು ಕೊಟ್ಟು ವೃತ್ತಿಪರರನ್ನು ಕರೆಯುವವರು ಯಾರು? ಮದುವೆಗೋ ಸಮಾರಂಭಕ್ಕೋ ಅಗ್ಗದ ಬದಲಿಯಾಗಿ ಹವ್ಯಾಸಿಗಳನ್ನು ಬಳಸಿಕೊಂಡರೆ ಈ ಮಾತು ಖಂಡಿತ ನಿಜ, ಅದಕ್ಕೆ ಒಪ್ಪದಿರುವುದು ಸದಸ್ಯರ ಕರ್ತವ್ಯ. ಆದರೆ ವಾರಕ್ಕೊಮ್ಮೆ ಸೇರುವ ವೃಂದ ಸಾಮಾನ್ಯವಾಗಿ ವೃತ್ತಿಪರರಿಗೆ ಕೆಲಸ ಕೊಡುತ್ತದೆ. ವೃಂದ ನಡೆಸುವವರಿಗೆ ಸಂಭಾವನೆ, ಪ್ರತಿ ಸಾಲಿಗೂ ಆಗಾಗ ಬಂದು ತಿದ್ದುವ ಶಿಕ್ಷಕರಿಗೆ ಸಂಭಾವನೆ, ಕಛೇರಿಗೆ ಕರೆಸಿದ ಮುಖ್ಯ ವಾದಕರಿಗೆ ಸಂಭಾವನೆ. ವಾದ್ಯ ರಿಪೇರಿ ಮಾಡುವವರು, ತಂತಿ ಮಾರುವವರು, ಸ್ವರಲಿಪಿ ಬಾಡಿಗೆಗೆ ಕೊಡುವವರು ಬೇರೆ. ಟಿಕೆಟ್ ಕೊಂಡು ವೃತ್ತಿಪರ ಕಛೇರಿಗಳಿಗೆ ಹೋಗುವವರಲ್ಲಿ ಮೊದಲಿಗರು ಇವರೇ. ಫಿಲ್‌ಹಾರ್ಮೋನಿಯಾವನ್ನು ಅದರ ಎಳವೆಯಲ್ಲಿ ಆದರಿಸಿದ, ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದ ಜಯಚಾಮರಾಜ ಒಡೆಯರ್ ಸ್ವತಃ ಪಾಶ್ಚಾತ್ಯ ಸಂಗೀತದ ಪರೀಕ್ಷೆಗಳನ್ನು ಪಾಸು ಮಾಡಿದ್ದ ಪಿಯಾನೊ ಹವ್ಯಾಸಿ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದರು. ಕೈಬೆರಳಿನಲ್ಲಿ ಕಷ್ಟ ಅನುಭವಿಸಿದವರಿಗೇ ಮೆಟ್ನರ್‌ನಂಥ ಕಠಿಣ, ಜನಪ್ರಿಯನಲ್ಲದ ಸಂಗೀತಕಾರನ ಬೆಲೆ ಗೊತ್ತಾದೀತು. ಅರಸರ ಪ್ರಮಾಣದಲ್ಲಿ ಅಲ್ಲದಿದ್ದರೂ ಸಂಬಂಧ ಎಲ್ಲೆಡೆ ಇದೇ.

ಇದೆಲ್ಲ ಉಳ್ಳವರ ಹೊತ್ತು ಕಳೆಯುವ ಮಾರ್ಗ ಎಂಬ ಮೂರನೆಯ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಚೆಲ್ಲೊ ದುಬಾರಿ, ಪಾಠ ದುಬಾರಿ, ಬಿಡುವು ಇನ್ನೂ ದುಬಾರಿ. ಆದರೆ ಈ ತಡೆಗಳನ್ನು ಒಡೆಯಲೆಂದೇ ಜನ ದುಡಿದಿದ್ದಾರೆ. 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನ ಸಾಮಾನ್ಯ ಶಾಲೆಯೊಂದರಲ್ಲಿ ಪಿಟೀಲನ್ನು ಒಬ್ಬೊಬ್ಬರಿಗೆ ಕಲಿಸುವ ಬದಲು ಇಡೀ ತರಗತಿಗೆ ಒಟ್ಟಿಗೆ ಕಲಿಸುವ ಪ್ರಯೋಗ ಶುರುವಾಯಿತು. ವಾದ್ಯದ ಬೆಲೆಯನ್ನು ಸಣ್ಣ ಕಂತುಗಳಲ್ಲಿ ತೀರಿಸಬಹುದಿತ್ತು. ಅದು ದೇಶವಿಡೀ ಹಬ್ಬಿ, ಕಾರ್ಮಿಕರ ಮಕ್ಕಳ ಕೈಗೆ ಪಿಟೀಲು ಬಂತು. ಮೇರಿ ಇಬರ್ಸನ್ 1929ರಲ್ಲಿ ಹರ್ಟ್‌ಫರ್ಡ್‌ಶೈರ್‌ನಲ್ಲಿ ಆರಂಭಿಸಿದ ಗ್ರಾಮೀಣ ಸಂಗೀತ ಶಾಲೆ ಇದೇ ಗುಂಪುಪಾಠವನ್ನು ಹಳ್ಳಿಗಳ ವಯಸ್ಕರಿಗೆ ಒಯ್ದಿತು. 1950ರಲ್ಲಿ ಆ ಚಳವಳಿಗೆ 21 ತುಂಬಿದ್ದಕ್ಕೇ ‘ಕಂಚೆರ್ಟೊ ಗ್ರೊಸ್ಸೊ’ ಬರೆಸಿದ್ದು. ಎಪ್ಪತ್ತರ ದಶಕದಲ್ಲಿ ಲಂಡನ್ನಿನ ಬಡ ಪ್ರದೇಶವಾದ ಟವರ್ ಹ್ಯಾಮ್ಲೆಟ್ಸ್‌ನ ಶಾಲೆಗಳಲ್ಲಿ ಶೀಲಾ ನೆಲ್ಸನ್ ಮಕ್ಕಳಿಗೆ ಹೀಗೆಯೇ ಪಿಟೀಲು ಕಲಿಸಿದರು. ಮಕ್ಕಳನ್ನು ಕರೆತಂದು ಹೊರಗೆ ಕಾಯುತ್ತಿದ್ದ ತಾಯ್ತಂದೆಯರಿಗೆ ತಾವೂ ಯಾಕೆ ಕಲಿಯಬಾರದು ಅನ್ನಿಸಿ, ಎಂಬತ್ತರ ದಶಕದ ಆರಂಭದಲ್ಲಿ ಹುಟ್ಟಿದ್ದು ‘ಈಸ್ಟ್ ಲಂಡನ್ ಲೇಟ್ ಸ್ಟಾರ್ಟರ್ಸ್ ಆರ್ಕೆಸ್ಟ್ರಾ’. ತಡವಾಗಿ ಆರಂಭಿಸಿದವರು ಎಂಬುದನ್ನು ಹೆಸರಿನಲ್ಲೇ ಇಟ್ಟುಕೊಂಡ ವೃಂದ. ನ್ಯೂಯಾರ್ಕಿನಲ್ಲೂ ಅದರ ಮಾದರಿಯಲ್ಲಿ ಒಂದು ನಡೆಯಿತು. ಉಳ್ಳವರಿಗೆ ಮನೆಪಾಠ ಸದಾ ಸಿಗುತ್ತದೆ. ಇಂಥ ವೃಂದ ಮುಚ್ಚಿದರೆ ಬಾಗಿಲು ಮುಚ್ಚುವುದು ಇಲ್ಲದವರಿಗೆ.

ಈ ವೃಂದಗಳು ಬಾಳುವುದೂ ಸಾಯುವುದೂ ಯಾರೂ ಲೆಕ್ಕಕ್ಕೆ ಹಿಡಿಯದ ಕೆಲಸದ ಮೇಲೆ. ಮಾನವಶಾಸ್ತ್ರಜ್ಞೆ ರೂತ್ ಫಿನೆಗನ್ 1980ರ ದಶಕದ ಆರಂಭದಲ್ಲಿ ಮಿಲ್ಟನ್ ಕೀನ್ಸ್ ಎಂಬ ಹೊಸ ನಗರದ ಹವ್ಯಾಸಿ ಸಂಗೀತವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 1989ರಲ್ಲಿ ‘ದಿ ಹಿಡನ್ ಮ್ಯೂಸಿಶಿಯನ್ಸ್’ ಪುಸ್ತಕ ತಂದರು. ಸಂಗೀತವೇ ಇಲ್ಲವೆಂದು ಹೊರಗಿನವರು ಎಣಿಸಿದ್ದ ಊರಿನಲ್ಲಿ ಶಾಸ್ತ್ರೀಯದಿಂದ ರಾಕ್‌ವರೆಗೆ ಹಲವು ಸಂಗೀತಲೋಕಗಳು ಅಕ್ಕಪಕ್ಕದಲ್ಲೇ ನಡೆಯುತ್ತಿದ್ದುದನ್ನು ಅವರು ತೋರಿಸಿದರು. ವೃತ್ತಿಪರ ಮತ್ತು ಹವ್ಯಾಸಿ ಎಂಬ ಗೆರೆ ನಿಜಜೀವನದಲ್ಲಿ ಅಷ್ಟು ಸ್ಪಷ್ಟವಾಗಿಲ್ಲ ಎಂಬುದೂ ಅವರ ಮುಖ್ಯ ಶೋಧಗಳಲ್ಲೊಂದು. ಸಭಾಭವನ ಕಾದಿರಿಸುವುದು, ಕುರ್ಚಿ ಜೋಡಿಸುವುದು, ಚಹಾ ಕಾಯಿಸುವುದು, ಗ್ರಂಥಾಲಯದಿಂದ ತಂದ ಸ್ವರಲಿಪಿಯ ಪ್ರತಿಗಳನ್ನು ಎಣಿಸಿ ಹಿಂತಿರುಗಿಸುವುದು, ಹಳ್ಳಿಗೆ ಹೋಗುವ ಡಬಲ್ ಬಾಸ್‌ಗೆ ಯಾರ ಕಾರಿನಲ್ಲಿ ಜಾಗವಿದೆ ಎಂದು ನೋಡುವುದು: ಈ ಕೆಲಸಗಳು ಒಂದಿಬ್ಬರ ತಲೆಯ ಮೇಲೇ ಬಿದ್ದು ಅವರು ದಣಿದ ದಿನ ವೃಂದವೂ ಮುಗಿಯುತ್ತದೆ. ನ್ಯೂಬರಿಯ ವೃಂದ 1956ರಲ್ಲಿ ಫಿಂಜಿ ತೀರಿಕೊಂಡ ಮೇಲೂ ಅವರ ಮಗನ ಕೈಯಲ್ಲಿ ಮುಂದುವರಿಯಿತು. ಎಲ್ಲ ಊರುಗಳಿಗೂ ಆ ಭಾಗ್ಯವಿಲ್ಲ. ಸ್ವಯಂಸೇವೆಯನ್ನು ಹೊಗಳುವವರು ಈ ದಣಿವಿನ ಬಗ್ಗೆಯೂ ಮಾತಾಡಬೇಕು, ಕೆಲಸವನ್ನು ಪಾಳಿಯಲ್ಲಿ ಹಂಚಬೇಕು.

ಕರ್ನಾಟಕದಲ್ಲಿ ಹವ್ಯಾಸಿ ಎಂಬ ಮಾತಿಗೆ ಕೀಳು ಅರ್ಥವಿಲ್ಲ. ಹವ್ಯಾಸಿ ರಂಗಭೂಮಿ, ಹವ್ಯಾಸಿ ಯಕ್ಷಗಾನ ನಮ್ಮಲ್ಲಿ ಗೌರವದ ಹೆಸರುಗಳು. ಬ್ಯಾಂಕಿನ ಕೆಲಸ ಮುಗಿಸಿ ಗೆಜ್ಜೆ ಕಟ್ಟುವವರನ್ನು ವೃತ್ತಿಮೇಳದ ಜತೆ ಹೋಲಿಸಿ ಯಾರೂ ಹಂಗಿಸುವುದಿಲ್ಲ. ಪಿಟೀಲಿನ ವಿಷಯದಲ್ಲಿ ಮಾತ್ರ ನಾವು ಜಿಪುಣರು. ಚೌಡಯ್ಯನವರ ನಾಡಿನಲ್ಲಿ ಎಷ್ಟೋ ಮಕ್ಕಳು ಪಿಟೀಲು ಕಲಿಯುತ್ತಾರೆ, ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸುತ್ತಾರೆ, ಪಕ್ಕವಾದ್ಯಕ್ಕೆ ಕೂರುವ ಮಟ್ಟ ಮುಟ್ಟದವರ ವಾದ್ಯ ಬೀರುವಿನ ಮೇಲೆ ಸೇರುತ್ತದೆ. ನಮ್ಮದು ಮನೋಧರ್ಮದ ಸಂಗೀತ, ಗಮಕ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ, ಗುಂಪಿಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಆಲಾಪನೆ, ತಾನ, ಕಲ್ಪನಾಸ್ವರಗಳ ಮಟ್ಟಿಗೆ ಅದು ಸರಿ. ಆದರೆ ಆರಾಧನೆಯ ದಿನ ಪಂಚರತ್ನ ಕೃತಿಗಳ ಗೋಷ್ಠಿಗಾಯನದಲ್ಲಿ ವಿದ್ವಾಂಸರು ಮುಂದೆ, ಕಲಿಯುವವರು ಹಿಂದೆ ಕೂತು ಒಂದೇ ಪಾಠಾಂತರವನ್ನು ಒಟ್ಟಿಗೆ ಹಾಡುವುದು, ಪಿಟೀಲುಗಳು ಜತೆಗೂಡುವುದು ನಮಗೆ ಹೊಸದಲ್ಲ. ಕೊರತೆಯಿರುವುದು ವರ್ಷಕ್ಕೊಂದು ದಿನದ ಆ ಗೋಷ್ಠಿಯನ್ನು ವಾರಕ್ಕೊಮ್ಮೆಯ ಅಭ್ಯಾಸವಾಗಿ ಮಾಡುವುದರಲ್ಲಿ, ಮತ್ತು ಹಿಂದಿನ ಸಾಲಿಗೆಂದೇ ಬರೆದ ರಚನೆಗಳಲ್ಲಿ. ಈ ಎರಡನೆಯ ಕೊರತೆಯನ್ನು ತುಂಬಲು ನಮ್ಮ ಪಿಟೀಲು ಪಾಶ್ಚಾತ್ಯರದಕ್ಕಿಂತಲೂ ಅನುಕೂಲಕರ. ಅದರ ತಂತಿಗಳು ಷಡ್ಜ, ಪಂಚಮ, ಮತ್ತೆ ಷಡ್ಜ, ಪಂಚಮ ಎಂದು ಶ್ರುತಿಯಾಗಿರುವುದರಿಂದ ಬೆರಳಿಡದೆ ಕಮಾನು ಎಳೆದರೆ ಬರುವುದು ಶ್ರುತಿಯೇ. ಆರು ತಿಂಗಳ ಹಿಂದಷ್ಟೇ ಕಮಾನು ಹಿಡಿದವರು ತಾಳಕ್ಕೆ ಸರಿಯಾಗಿ ಆ ತಂತಿಗಳನ್ನು ನುಡಿಸಿ ತಂಬೂರಿಯ ಕೆಲಸವನ್ನೂ ಲಯದ ಕೆಲಸವನ್ನೂ ಹೊರಬಹುದು. ಜಂಟಿವರಸೆ, ಅಲಂಕಾರಗಳು ಕೈಗೆ ಕೂತವರಿಗೆ ಮಧ್ಯಮಕಾಲದ ಸರಳ ಸಂಗತಿಗಳನ್ನು ಕೊಡಬಹುದು. ವರ್ಣ ನುಡಿಸಬಲ್ಲವರಿಗೆ ಚಿಟ್ಟೆಸ್ವರ ಇದ್ದೇ ಇದೆ. ಮೋಹನದಲ್ಲೋ ಹಂಸಧ್ವನಿಯಲ್ಲೋ ಇಂಥ ಮೂರು ಪಾಲಿನ ಹತ್ತು ನಿಮಿಷದ ರಚನೆಯೊಂದನ್ನು ಬರೆಯಬಲ್ಲ ವಿದ್ವಾಂಸರು ಮೈಸೂರು, ಬೆಂಗಳೂರುಗಳಲ್ಲಿ ಇದ್ದಾರೆ, ಭಾನುವಾರ ಖಾಲಿ ಬಿದ್ದಿರುವ ಶಾಲಾ ಕೊಠಡಿಗಳು ಎಲ್ಲ ಬಡಾವಣೆಗಳಲ್ಲೂ ಇವೆ.